ಶೇಷು ಮರೆತ ಗೇಟು

ಇದನ್ನು ನಂಬಬೇಡಿ. ಬೇಡಿಕೊಳ್ಳುತ್ತಿಲ್ಲ, ಪಂಥ ಕಟ್ಟುತ್ತಿದ್ದೇನೆ. ಕೊನೆಯ ಸಾಲಿನವರೆಗೂ ನಂಬದೆ ಓದಿದವರು ಯಾರಾದರೂ ಪರ್ತ್‌ಗೆ ಬಂದರೆ, ಎಲೆನ್‌ಬ್ರೂಕ್‌ನ ನಮ್ಮ ಮನೆಯಲ್ಲಿ ಒಂದು ಹೊತ್ತಿನ ಊಟ ನನ್ನ ಲೆಕ್ಕ. ಅಡುಗೆ ನನ್ನ ಹೆಂಡತಿ ಲಲಿತಾಳದು, ಹಾಗಾಗಿ ಧೈರ್ಯವಾಗಿ ಬರಬಹುದು.

ನನ್ನನ್ನು ಬಲ್ಲವರಿಗೆ ನನ್ನ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಗಣಿಯಲ್ಲಿ ಭೂವಿಜ್ಞಾನಿಯಾಗಿದ್ದ ಕಾಲದಲ್ಲಿ, ಹೊಸದಾಗಿ ಬಂದ ಇಬ್ಬರು ಹುಡುಗ ಎಂಜಿನಿಯರುಗಳ ಕೈಗೆ ರಸ್ತೆ ಬದಿಯ ಕಲ್ಲೊಂದನ್ನು ಕೊಟ್ಟು, ಇದರಲ್ಲಿ ಚಿನ್ನ ಇದೆ, ಬೆಳಗಾಗುವವರೆಗೆ ಕಣ್ಣು ಮುಚ್ಚಬೇಡಿ ಎಂದು ಕ್ರಿಕೆಟ್ ಬ್ಯಾಟ್ ಸಮೇತ ಕಾವಲು ಕೂರಿಸಿದವನು ನಾನು. ಬೆಂಗಳೂರಿನಿಂದ ಬಂದ ಷಡ್ಡಕನನ್ನು ಫ್ರೀಮ್ಯಾಂಟಲ್ ಬಂದರಿಗೆ ಕರೆದುಕೊಂಡು ಹೋಗಿ, ನೂರು ಕೆಂಪು ಕಂಟೈನರ್ ಎಣಿಸಿದ ಪ್ರವಾಸಿಗೆ ಇಲ್ಲಿ ಸರ್ಟಿಫಿಕೇಟ್ ಕೊಡುತ್ತಾರೆ ಎಂದೆ. ಪಾಪ, ಎಂಬತ್ತಾರರವರೆಗೆ ಎಣಿಸಿದ. ಇಂಥ ಕೆಲಸಗಳಲ್ಲಿ ನನ್ನನ್ನು ಮೀರಿಸುವ ಕನ್ನಡಿಗ ಈ ಖಂಡದಲ್ಲಿ ಇಲ್ಲ ಎನ್ನುವುದು ನನ್ನ ಅಭಿಪ್ರಾಯ ಮಾತ್ರವಲ್ಲ, ನನ್ನಿಂದ ನೊಂದವರೆಲ್ಲರ ಅಭಿಪ್ರಾಯ.

ದೆವ್ವ, ಭೂತ, ಸತ್ತವರ ಕೂಗು, ಇವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಹೆದರಿಸುವುದೇ ನನ್ನ ಕಸುಬಾಗಿದ್ದಾಗ ನಾನೇ ನಂಬಿ ಕೂರಲು ಆಗುತ್ತದೆಯೇ? ಜೀವನವಿಡೀ ಕಲ್ಲು ನೋಡಿ ಹೊಟ್ಟೆ ಹೊರೆದವನು ನಾನು. ಕಲ್ಲು ಸುಳ್ಳು ಹೇಳುವುದಿಲ್ಲ, ಯಾರನ್ನೂ ಕರೆಯುವುದೂ ಇಲ್ಲ. ಈಗ ಹೇಳಹೊರಟಿರುವುದು ನಡೆದದ್ದು ಬಟ್ಟ ಬಯಲಿನಲ್ಲಿ, ಹಗಲು ಹನ್ನೊಂದು ಗಂಟೆಗೆ, ತಲೆ ಸುಡುವ ಬಿಸಿಲಿನಲ್ಲಿ. ಹುಣ್ಣಿಮೆ ಇರಲಿಲ್ಲ, ಯಾವ ನಾಯಿಯೂ ಊಳಿಡಲಿಲ್ಲ.

ನಾವು ಮೂವರು ಮೈಸೂರಿನಲ್ಲಿ ಒಟ್ಟಿಗೆ ಓದಿದವರು. ನಾನು ಪರ್ತ್ ಸೇರಿದೆ. ಗೋಪಿ ಬ್ರಿಸ್ಬೇನಿನ ಇಂಡೂರೂಪಿಲ್ಲಿಯಲ್ಲಿ ಮನೆ ಮಾಡಿದ. ಶೇಷಾದ್ರಿ, ಅಂದರೆ ನಮ್ಮ ಶೇಷು, ಅಡಿಲೇಡಿನಲ್ಲಿ ನೀರು ಸರಬರಾಜಿನ ಎಂಜಿನಿಯರಾಗಿ ರಿಟೈರ್ ಆದ. 2015ರ ಕೊನೆಯಲ್ಲಿ ಶೇಷುವಿನ ಹೆಂಡತಿ ವತ್ಸಲಾ ತೀರಿಕೊಂಡರು. ಅವತ್ತಿನಿಂದ ಅವನು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ಫೋನ್ ಮಾಡಿದರೆ "ಹ್ಞೂಂ", "ಊಟ ಆಯ್ತು", "ಇಡ್ಲಾ" ಎನ್ನುವ ಮೂರೇ ಮಾತು. ಎಂಟು ತಿಂಗಳು ಹೀಗೇ ನಡೆಯಿತು. ಒಂದು ದಿನ ಗೋಪಿ ನನಗೆ ಫೋನ್ ಮಾಡಿ, "ಲೋ, ಇವನು ಹೀಗೇ ಇದ್ರೆ ಮುಂದಿನ ವರ್ಷಕ್ಕೆ ಇರಲ್ಲ ಕಣೋ. ಎಲ್ಲಿಗಾದ್ರೂ ಎಳ್ಕೊಂಡು ಹೋಗೋಣ," ಎಂದ.

ಎಲ್ಲಿಗೆ ಎನ್ನುವುದನ್ನು ತೀರ್ಮಾನಿಸಿದವನು ನಾನು. ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ ಮಳೆಗಾಲದಲ್ಲಿ ಸಮುದ್ರದ ಹಾಗೆ ನೀರು ತುಂಬಿ, ಮಳೆ ನಿಂತ ಮೇಲೆ ಇಳಿದು, ಅಲ್ಲಲ್ಲಿ ಕೆರೆಗಳನ್ನೂ ಜೌಗನ್ನೂ ಬಿಟ್ಟುಹೋಗುವ ದೊಡ್ಡ ಬಯಲುಗಳಿವೆ. ಅಲ್ಲಿ ದನ ಸಾಕುವ ವಿಶಾಲವಾದ ಫಾರ್ಮುಗಳಿಗೆ ಸ್ಟೇಷನ್ ಎನ್ನುತ್ತಾರೆ. ರೈಲು ಬರುವುದಿಲ್ಲ. ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಕುದುರೆಯ ಮೇಲೆ ಐದು ದಿನ ಪ್ರಯಾಣ, ಮಧ್ಯೆ ಸ್ಟೇಷನ್ನುಗಳಲ್ಲೇ ಊಟ, ನಿದ್ದೆ. ಅರವತ್ತು ದಾಟಿದ ಮೂವರು, ಮೈಸೂರಿನ ಟಾಂಗಾ ಬಿಟ್ಟರೆ ಕುದುರೆಯ ಸಹವಾಸವೇ ಇಲ್ಲದವರು. ನಾನು ಮಾತ್ರ ಬುಕ್ ಮಾಡುವಾಗ "ಮೂವರೂ ಅನುಭವಸ್ಥ ಸವಾರರು" ಎಂದು ಬರೆದಿದ್ದೆ.

ನಮ್ಮ ಗೈಡ್ ಟ್ರಿಶ್ ಎನ್ನುವ ಐವತ್ತು ವರ್ಷದ ಹೆಂಗಸು. ಆ ಕಡೆಯ ಸ್ಟೇಷನ್ನಿನಲ್ಲೇ ಹುಟ್ಟಿದವಳು. ನಾವು ಕುದುರೆ ಹತ್ತಿದ ರೀತಿಯನ್ನು ನೋಡಿಯೇ ನನ್ನ ಸುಳ್ಳು ಅವಳಿಗೆ ಗೊತ್ತಾಯಿತು. ಏನೂ ಹೇಳದೆ ನಮಗೆ ಮುದಿ ಕುದುರೆಗಳನ್ನು ಬದಲಿಸಿಕೊಟ್ಟಳು. ಆಮೇಲೆ ಎರಡು ನಿಯಮ ಹೇಳಿದಳು. ಒಂದು, ಮೊಸಳೆಗಳಿವೆ, ನೀರಿನ ಹತ್ತಿರ ಇಳಿಯಬಾರದು. ಎರಡು, ಗೇಟು. ಬೇಲಿಯ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದಿದ್ದರೆ ತೆರೆದೇ ಬಿಡಬೇಕು. ಮುಚ್ಚುವುದು ಸಾಲಿನ ಕೊನೆಯವನ ಕೆಲಸ. ಅಲ್ಲಿ ಒಂದು ಗೇಟು ಮರೆತರೆ ತಾಯಿಯಿಂದ ಬೇರೆ ಮಾಡಿದ ಕರುಗಳೆಲ್ಲ ದನದ ಹಿಂಡಿಗೆ ಸೇರಿಬಿಡುತ್ತವೆ, ಅವನ್ನು ಮತ್ತೆ ಬೇರೆ ಮಾಡಲು ಒಂದು ವಾರ ಬೇಕು. ಮೊಸಳೆಯ ನಿಯಮವನ್ನು ಅವಳು ನಗುತ್ತ ಹೇಳಿದಳು. ಗೇಟಿನದನ್ನು ನಗದೆ ಹೇಳಿದಳು.

"ಕೊನೆಗೆ ನಾನಿರ್ತೀನಿ," ಎಂದ ಶೇಷು. ಆ ದಿನ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಗೋಪಿ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ. ಯಾಕೆಂದರೆ ಶೇಷುವಿಗೂ ಗೇಟಿಗೂ ಒಂದು ಹಳೆಯ ಕತೆ ಇದೆ.

ಅಡಿಲೇಡಿನ ಅವರ ಮನೆಯಲ್ಲಿ ದಿನಾ ರಾತ್ರಿ ಶೇಷು ಹಾಸಿಗೆಯ ಮೇಲೆ ಕಾಲು ಚಾಚುತ್ತಿದ್ದಂತೆ ಅಡುಗೆಮನೆಯಿಂದ ವತ್ಸಲಾ ಕೇಳುತ್ತಿದ್ದರು: "ರೀ, ಗೇಟ್ ಹಾಕಿದ್ರಾ?" ಹಾಕಿರುತ್ತಿದ್ದ. ಆದರೂ "ಓ" ಎಂದು ಎದ್ದು ಹೋಗಿ ನೋಡಿ ಬರುತ್ತಿದ್ದ. ಆ ಮನೆಯಲ್ಲಿ ಒಂದು ರಾತ್ರಿ ತಂಗಿದವರಿಗೆಲ್ಲ ಇದು ಗೊತ್ತು. ನನಗೆ ದನಿ ಅನುಕರಣೆ ಚೆನ್ನಾಗಿ ಬರುತ್ತದೆ. ಹೆಣ್ಣುದನಿ ಇನ್ನೂ ಚೆನ್ನಾಗಿ. ಶೇಷುವಿನ ಅರವತ್ತರ ಶಾಂತಿಯ ದಿನ ಮೈಕ್ ಹಿಡಿದು ಇದೇ ಮಾತನ್ನು, ಕೊನೆಯ "ರಾ" ಅನ್ನು ಒಂದು ಮೈಲಿ ಉದ್ದ ಎಳೆದು, ಅವರ ದನಿಯಲ್ಲೇ ಹೇಳಿದೆ. ಇಡೀ ಹಾಲ್ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ವತ್ಸಲಾ. "ನನಗಿಂತ ಚೆನ್ನಾಗಿ ಮಾಡ್ತೀರಲ್ಲ. ಇನ್ಮೇಲೆ ರಾತ್ರಿ ನೀವೇ ಫೋನ್ ಮಾಡಿ ಕೇಳ್ಬಿಡಿ ಇವ್ರನ್ನ, ನಂಗೊಂದು ಕೆಲ್ಸ ತಪ್ಪುತ್ತೆ," ಎಂದರು. ನಾನು ಬಿಡುತ್ತೇನೆಯೇ? ಮಾರನೇ ವಾರವೇ ಪರ್ತ್‌ನಿಂದ ಫೋನ್ ಮಾಡಿ ಕೇಳಿದೆ. ಶೇಷು ನಿದ್ದೆಗಣ್ಣಿನಲ್ಲಿ "ಓ" ಎಂದು ಎದ್ದು ಹೋಗಿ ಗೇಟು ನೋಡಿ ಬಂದನಂತೆ.

ಅವರು ಹೋದ ಮೇಲೆ ಆ ದನಿಯನ್ನು ನಾನು ತೆಗೆದಿರಲಿಲ್ಲ. ಇದನ್ನು ಬೇಕಾದರೆ ನಂಬಿ, ಬೇಡವಾದರೆ ಬಿಡಿ. ನನಗೂ ಒಂದು ಮಿತಿ ಇದೆ.

ಮೊದಲ ಎರಡು ದಿನ ಮೈಕೈ ನೋವಿನಲ್ಲೇ ಕಳೆಯಿತು. ಕಾಗದದಂತೆ ಸಿಪ್ಪೆ ಸುಲಿದುಕೊಂಡು ನಿಲ್ಲುವ ಪೇಪರ್‌ಬಾರ್ಕ್ ಮರಗಳ ನಡುವೆ, ಕುದುರೆಯ ಮೊಣಕಾಲು ಮುಟ್ಟುವ ನೀರಿನಲ್ಲಿ ನಮ್ಮ ಸಾಲು ಸಾಗುತ್ತಿತ್ತು. ಮುಂದೆ ಟ್ರಿಶ್, ಅವಳ ಹಿಂದೆ ಗೋಪಿ, ಆಮೇಲೆ ನಾನು, ಕೊನೆಯಲ್ಲಿ ಒಂದು ಬಿಳಿ ಕುದುರೆಯ ಮೇಲೆ ಶೇಷು. ಸಾವಿರಗಟ್ಟಲೆ ಬಾತುಗಳು ಒಟ್ಟಿಗೆ ಎದ್ದರೆ ಲಾರಿಯಿಂದ ಜಲ್ಲಿ ಸುರಿದ ಸದ್ದು. ಒಂದು ಕಡೆ ಕೆಸರಿನಲ್ಲಿ ಎಮ್ಮೆಗಳು ಮಲಗಿದ್ದವು, ಥೇಟ್ ನಮ್ಮ ಎಮ್ಮೆಗಳೇ. ಅಲ್ಲಿ ಅವು ಕಾಡುಪ್ರಾಣಿ ಎಂದಳು ಟ್ರಿಶ್. "ಇವು ನಮ್ಮ ಕಡೆಯವೇ ಕಣೋ," ಎಂದ ಗೋಪಿ, "ನಮ್ಮ ಥರ ವೀಸಾಕ್ಕೆ ಪಾಯಿಂಟ್ಸು ಗೀಯಿಂಟ್ಸು ಏನಿಲ್ಲ, ಬಂದು ಮಲಗಿಬಿಟ್ಟಿವೆ ನೋಡು."

ಶೇಷು ಗೇಟುಗಳನ್ನು ಶಾಸ್ತ್ರೋಕ್ತವಾಗಿ ಹಾಕುತ್ತಿದ್ದ. ಇಳಿಯದೆ, ಕುದುರೆಯ ಮೇಲೆ ಕೂತೇ ಬಗ್ಗಿ ಸರಪಳಿಯನ್ನು ಕೊಕ್ಕೆಗೆ ಸಿಕ್ಕಿಸುವುದನ್ನು ಎರಡನೇ ದಿನವೇ ಕಲಿತ. ಹಾಕಿದ ಮೇಲೆ ಒಮ್ಮೆ ಎಳೆದು ನೋಡುತ್ತಿದ್ದ. ಆದರೆ ನಗು ಮಾತ್ರ ಇಲ್ಲ. ನನ್ನ ಬತ್ತಳಿಕೆಯಲ್ಲಿದ್ದ ಎಲ್ಲ ಬಾಣ ಬಿಟ್ಟೆ. ಒಂದೂ ತಾಗಲಿಲ್ಲ.

ಮೂರನೇ ದಿನ ಬೆಳಗ್ಗೆ ಗೋಪಿಯ ಬೂಟಿನೊಳಗೆ ಒಂದು ರಬ್ಬರ್ ಹಲ್ಲಿ ಹಾಕಿದೆ. ಗೋಪಿ ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವ ಪೈಕಿ. ಬೂಟಿನಲ್ಲಿ ಕಲ್ಲು ಸೇರಿದೆ ಎಂದು ಎರಡು ಗಂಟೆ ಗೊಣಗಿದ. ಕೊನೆಗೆ ಒಂದು ಗೇಟಿನ ಹತ್ತಿರ ಕುದುರೆಯ ಮೇಲೆ ಕೂತೇ ಬೂಟು ಕಳಚಿ ಕೈ ಹಾಕಿದ. ಹಲ್ಲಿ ಕೈಗೆ ಬಂತು. ಗೋಪಿ ಕಿರುಚಿ ಹಲ್ಲಿಯನ್ನು ಬಿಟ್ಟು ಬೂಟನ್ನು ನೀರಿಗೆ ಎಸೆದ. ಹಲ್ಲಿ ಅವನ ತೊಡೆಯ ಮೇಲೇ ಉಳಿಯಿತು.

ಹಿಂದಿನಿಂದ ಒಂದು ಸದ್ದು ಬಂತು. ತಿರುಗಿದರೆ ಶೇಷು ನಗುತ್ತಿದ್ದ. ಮೊದಲು ಕೆಮ್ಮಿನ ಹಾಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. "ಎಡ ತೊಡೆ ಮೇಲೆ ಬಿದ್ರೆ ಏನು ಫಲ ನೋಡೋ ಗೋಪಿ," ಎಂದ. ಎಂಟು ತಿಂಗಳಾದ ಮೇಲೆ. ನನಗೆ ಜೀವನದಲ್ಲಿ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಟ್ರಿಶ್ ಉದ್ದನೆಯ ಕೋಲಿನಿಂದ ಬೂಟು ಎತ್ತಿಕೊಟ್ಟಳು. ನಾವು ನಗುತ್ತಲೇ ಗೇಟು ದಾಟಿ ಹೊರಟೆವು.

ಅಲ್ಲಿಂದ ಕಾಲು ಗಂಟೆ ಹೋಗಿರಬೇಕು. ಮರಗಳು ಮುಗಿದು ಹುಲ್ಲಿನ ಬಯಲು. ಎಲ್ಲರೂ ಸುಮ್ಮನಾಗಿದ್ದೆವು. ನನ್ನ ಬಾಯಲ್ಲಿ ಲಲಿತಾ ಕಟ್ಟಿಕೊಟ್ಟಿದ್ದ ನಿಪ್ಪಟ್ಟು ಇತ್ತು. ಆಗ ಶೇಷುವಿನ ಹಿಂದಿನಿಂದ, ಅಡುಗೆಮನೆಯಿಂದ ಮಲಗುವ ಕೋಣೆಗೆ ಇರುವಷ್ಟೇ ದೂರದಿಂದ, ಆ ಮಾತು ಬಂತು.

"ರೀ, ಗೇಟ್ ಹಾಕಿದ್ರಾ?"

ಅಷ್ಟೇ. ಒಂದೇ ಸಲ. ಅಳು ಇಲ್ಲ, ಆರ್ತನಾದ ಇಲ್ಲ. ಕೈಯಲ್ಲಿ ಏನೋ ಕೆಲಸ ಇಟ್ಟುಕೊಂಡವರು ತಲೆ ಎತ್ತದೆ ಕೇಳಿದ ಹಾಗೆ. ನಾನು ಮಾಡುವಾಗ ಎಳೆಯುತ್ತಿದ್ದ "ರಾ" ಅದರಲ್ಲಿ ಇರಲಿಲ್ಲ.

ನಾಲ್ಕೂ ಕುದುರೆಗಳು ನಿಂತವು. ನಾವು ನಿಲ್ಲಿಸಲಿಲ್ಲ, ತಾವಾಗಿಯೇ ನಿಂತವು. ನನ್ನದು ಕತ್ತು ತಿರುಗಿಸಿ ಹಿಂದೆ ನೋಡಿತು. ಮುಂದಿದ್ದ ಗೋಪಿಯದೂ ನೋಡಿತು, ಟ್ರಿಶ್‌ಳದೂ ನೋಡಿತು. ಶೇಷುವಿನ ಬಿಳಿ ಕುದುರೆ ಪೂರ್ತಿ ಹಿಂದಕ್ಕೆ ತಿರುಗಿಕೊಳ್ಳಲು ಹೋಯಿತು. ಶೇಷು ಲಗಾಮು ಬಲವಾಗಿ ಎಳೆದು ಅದನ್ನು ನಿಲ್ಲಿಸಿದ. ಅವನು ಹಿಂದೆ ನೋಡಲಿಲ್ಲ. ನನ್ನನ್ನು ನೋಡುತ್ತಿದ್ದ.

"ಇದನ್ನೂ ಬಿಡ್ಲಿಲ್ವಲ್ಲೋ ನೀನು," ಎಂದ.

ನನ್ನ ಬಾಯಲ್ಲಿ ನಿಪ್ಪಟ್ಟು. ಉಗುಳುವುದೋ ನುಂಗುವುದೋ ತಿಳಿಯದೆ ತಲೆಯಾಡಿಸಿದೆ. ಗೋಪಿ ಹಲ್ಲು ಕಚ್ಚಿ, "ಥೂ, ನಾಚ್ಕೆ ಆಗಲ್ವೇನೋ ನಿಂಗೆ," ಎಂದ. ಅವನಿಗೂ ಕೇಳಿಸಿತ್ತು ಎಂದಾಯಿತು. ಎಲ್ಲರಿಗಿಂತ ಮುಂದಿದ್ದ ಟ್ರಿಶ್‌ಗೆ ಏನೂ ಕೇಳಿಸಿರಲಿಲ್ಲ. ಅವಳು ಕೇಳಿದ್ದು ಒಂದೇ: ಕುದುರೆಗಳು ಏನನ್ನು ನೋಡುತ್ತಿವೆ?

ಸ್ವಲ್ಪ ಹೊತ್ತಿನ ಮೇಲೆ ಶೇಷು ಅವಳಿಗೆ ಇಂಗ್ಲಿಷಿನಲ್ಲಿ, ಮೆಲ್ಲಗೆ, ಗೇಟು ಹಾಕಿದ ನೆನಪಿಲ್ಲ ಎಂದ.

ಟ್ರಿಶ್ ಜೊತೆ ನಾನೂ ಹಿಂದಕ್ಕೆ ಹೋದೆ. ಗೇಟು ಹಾರು ಹೊಡೆದಿತ್ತು. ಐದಾರು ಕರುಗಳು ಅದರ ಬಾಯಿಗೇ ಬಂದು ನಿಂತಿದ್ದವು. ಇನ್ನು ಐದು ನಿಮಿಷ ತಡವಾಗಿದ್ದರೆ ಎಲ್ಲ ಹೊರಗೆ. ಅವಳು ಅವನ್ನು ಅಟ್ಟಿ ಸರಪಳಿ ಹಾಕುವಷ್ಟರಲ್ಲಿ ನಾನು ನೆಲ ನೋಡುತ್ತ ತಿರುಗಾಡಿದೆ. ಅದು ನನ್ನ ಕಸುಬು. ಹಸಿ ಮಣ್ಣಿನಲ್ಲಿ ನಮ್ಮ ನಾಲ್ಕು ಕುದುರೆಗಳ ಗೊರಸಿನ ಗುರುತು ಬಿಟ್ಟರೆ ಏನೂ ಇರಲಿಲ್ಲ. ಹುಡುಕಿದೆನಲ್ಲ ಎಂದು ನಾಚಿಕೆಯೂ ಆಯಿತು.

ಉಳಿದ ಎರಡು ದಿನ ಶೇಷು ನನ್ನ ಹತ್ತಿರ ಮಾತಾಡಲಿಲ್ಲ. ನಾನು ಆಣೆ ಹಾಕಿದೆ. ನನ್ನ ಆಣೆಗೆ ಮಾರ್ಕೆಟ್ಟಿನಲ್ಲಿ ಏನು ಬೆಲೆ? ಪ್ರಯಾಣದ ಕೊನೆಗೆ ಅವನು ಕೈ ಕೂಡ ಕುಲುಕದೆ ಅಡಿಲೇಡಿಗೆ ಹೊರಟುಹೋದ. ಗೋಪಿ ನನ್ನನ್ನು ಪಕ್ಕಕ್ಕೆ ಕರೆದು, "ನಲವತ್ತು ವರ್ಷದ ಚಾಳಿ ಕಣೋ. ನಿಂಗೇ ಗೊತ್ತಿಲ್ದೆ ಬಾಯಿಂದ ಬಂದಿರುತ್ತೆ. ಒಪ್ಕೊಂಡು ಕಾಲಿಗೆ ಬಿದ್ಬಿಡು," ಎಂದ. ಮನೆಗೆ ಬಂದು ಲಲಿತಾಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ನಿಜ ಹೇಳ್ರೀ, ನೀವೇ ತಾನೆ?" ಎಂದಳು. ನಿಪ್ಪಟ್ಟು ಮಾಡಿಕೊಟ್ಟವಳೇ ನಿಪ್ಪಟ್ಟಿನ ಸಾಕ್ಷಿ ಒಪ್ಪದಿದ್ದರೆ ಇನ್ನು ಯಾರಿಗೆ ಹೇಳುವುದು?

ಸುಮಾರು ಮೂರು ತಿಂಗಳು ಕಾದು ನಾನೇ ಅಡಿಲೇಡಿಗೆ ಹೋದೆ. ಶೇಷು ಬಾಗಿಲು ತೆಗೆದ. ಬೈಯುತ್ತಾನೆ ಅಂದುಕೊಂಡಿದ್ದೆ, ಕಾಫಿ ಮಾಡಿಕೊಂಡು ಬಂದ. ತೂಕ ಇಳಿದುಹೋಗಿತ್ತು. ಕಣ್ಣ ಕೆಳಗೆ ಕಪ್ಪು. ಜಗಲಿಯ ಮೇಲೆ ಇಬ್ಬರೂ ಕೂತೆವು.

"ಸಿಟ್ಟೇನಿಲ್ಲ ಕಣೋ," ಎಂದ. "ಒಂದು ಕೇಳ್ತೀನಿ. ತಮಾಷೆ ಮಾಡ್ದೆ ಹೇಳು. ಅವತ್ತು ನೀನು ತಾನೆ?"

"ಯಾಕೋ ಅದೇ ಹಿಡ್ಕೊಂಡಿದ್ದೀಯ?" ಎಂದೆ.

"ನೀನು ಅಂದ್ರೆ, ಹೋಗ್ಲಿ, ಹುಟ್ಟುಗುಣ ಅಂತ ಬಿಟ್ಬಿಡ್ತೀನಿ. ನೀನಲ್ಲ ಅಂದ್ರೆ ಅವಳು ಅಂತಾಯ್ತು. ಅವಳು ಕರೆದ್ಲು, ನಾನು ಓ ಅನ್ಲಿಲ್ಲ. ಕುದುರೆ ತಿರುಗ್ತು ಕಣೋ, ನಾನೇ ಎಳೆದು ನಿಲ್ಲಿಸ್ದೆ. ಅದು ನೋಡ್ತು, ನಾನು ನೋಡ್ಲಿಲ್ಲ. ಮೂವತ್ತೇಳು ವರ್ಷದಲ್ಲಿ ಅವಳು ಕರೆದಾಗ ಓ ಅನ್ನದೇ ಇದ್ದಿದ್ದು ಅದೊಂದೇ ಸಲ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಮಲಗಿದ್ರೆ ಅದೇ ಬರುತ್ತೆ. ಈಗ ಹೇಳು."

"ನಾನಲ್ಲ," ಎಂದೆ.

ಅಲ್ಲಿಗೆ ಆ ಮಾತು ಮುಗಿಯಿತು. ಸಂಜೆಯ ವಿಮಾನ ಹಿಡಿದು ಪರ್ತ್‌ಗೆ ಬಂದೆ.

ಇದಕ್ಕೆ ಏನಾದರೂ ವಿವರಣೆ ಇರಲೇಬೇಕು ಎಂದು ಬಹಳ ತಲೆ ಕೆಡಿಸಿಕೊಂಡಿದ್ದೇನೆ. ಆ ಕಡೆ ಬೇರೆಯವರ ದನಿಯನ್ನು ಕದಿಯುವ ಒಂದು ಹಕ್ಕಿ ಇದೆಯಂತೆ, ಬೇಲಿಯ ಕಿರುಗುಟ್ಟುವಿಕೆಯನ್ನೂ ನಾಯಿಯ ಬೊಗಳುವಿಕೆಯನ್ನೂ ಹಾಗೇ ಒಪ್ಪಿಸುತ್ತದಂತೆ. ಇರಬಹುದು. ಆದರೆ ಕನ್ನಡ ಕಲಿಯಲು ಅದು ಅಡಿಲೇಡಿನ ಯಾವ ಅಡುಗೆಮನೆಗೆ ಬಂದಿತ್ತು? ಮೂವರಿಗೂ ಒಟ್ಟಿಗೆ ಭ್ರಮೆಯಾಯಿತು ಎಂದರೆ, ಕುದುರೆಗಳಿಗೆ ಆದದ್ದೇನು? ಗೋಪಿ ಹೇಳಿದ ಹಾಗೆ ನನ್ನ ಬಾಯಿಯೇ ನನಗೆ ತಿಳಿಯದೆ ಆಡಿಬಿಟ್ಟಿತೇ? ಇದನ್ನೂ ಪರೀಕ್ಷೆ ಮಾಡಿ ನೋಡಿದೆ. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಬರುವಾಗ ಕಾರಿನ ಕಿಟಕಿಗಳನ್ನೆಲ್ಲ ಏರಿಸಿ, ಆ ಮಾತನ್ನು ಆ ದಿನ ಕೇಳಿದ ಹಾಗೇ ಹೇಳಲು ಎಷ್ಟೋ ಸಲ ಪ್ರಯತ್ನಪಟ್ಟೆ. ಬರುವುದು ಅರವತ್ತರ ಶಾಂತಿಯಲ್ಲಿ ಜನ ನಕ್ಕ ದನಿಯೇ. ಆ ಇನ್ನೊಂದು ಬರುವುದಿಲ್ಲ. ಈ ವಿದ್ಯೆಯಲ್ಲಿ ನನಗೆ ಬಾರದ್ದು ಇದೆ ಎಂದು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು. ಅದು ಏನು, ಯಾರು, ನನಗೆ ಇಂದಿಗೂ ಗೊತ್ತಿಲ್ಲ.

ಇನ್ನು, ಮೇಲೆ ಬರೆದದ್ದರಲ್ಲಿ ಒಂದು ವಿವರ ಮಾತ್ರ ನಾನು ಕಟ್ಟಿದ್ದು. ಹಲ್ಲಿ ಅಲ್ಲ, ನಿಪ್ಪಟ್ಟೂ ಅಲ್ಲ, ಕುದುರೆಗಳಂತೂ ಅಲ್ಲ. ಶೇಷು ಇದನ್ನು ಓದಿದರೆ ಏನು ಗತಿ ಎನ್ನಬೇಡಿ. ನಾನು ಬರೆದದ್ದನ್ನು ಅವನು ಎಂದೂ ನಂಬಿದವನಲ್ಲ, ಆ ಧೈರ್ಯದ ಮೇಲೇ ಹೇಳುತ್ತಿದ್ದೇನೆ. ಆ ದಿನ ಜಗಲಿಯ ಮೇಲೆ ನಾನು "ನಾನಲ್ಲ" ಎನ್ನಲಿಲ್ಲ. "ಹೌದು ಕಣೋ, ನಾನೇ. ತಪ್ಪಾಯ್ತು," ಎಂದೆ.

ಅವನು ಬೈಯಲಿಲ್ಲ. ಲೋಟ ಕೆಳಗಿಟ್ಟ. ಆಮೇಲೆ, "ಎಷ್ಟು ಚೆನ್ನಾಗಿ ಮಾಡಿದ್ಯೋ," ಎಂದ. "ಥೇಟ್ ಅವಳೇ. ಇನ್ನೊಂದ್ಸಲ ಮಾಡು."

ಗಂಟಲು ಕಟ್ಟಿದೆ ಎಂದೆ.

ಈಗ ನಿದ್ದೆ ಬರುತ್ತದಂತೆ. ತಿಂಗಳಿಗೊಮ್ಮೆ ಅವನೇ ಫೋನ್ ಮಾಡುತ್ತಾನೆ, ಅದೂ ಇದೂ ಮಾತಾಡುತ್ತಾನೆ. ಇಡುವ ಮುಂಚೆ ಕೇಳುತ್ತಾನೆ: "ಗಂಟಲು ಸರಿ ಹೋಯ್ತೇನೋ?"

ಇನ್ನೂ ಇಲ್ಲ ಎನ್ನುತ್ತೇನೆ.